ಅಜ್ಜನ ಪಟ್ಟಿಯ ಕೊನೆ ಪುಟದಲ್ಲೊಂದು ಹತ್ತಂಕಿ: 1577917500

ಬೆಟ್ಟದಮನೆ
ಎಲ್ಲರಿಗೂ ನಮಸ್ಕಾರ. ಶಿರಸಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಳೆ ಹಿಡಿಯುವ ಮೊದಲು ಅಟ್ಟ ಖಾಲಿ ಮಾಡುವಾಗ ಅಜ್ಜನ ಒಂದು ಪಟ್ಟಿ ಸಿಕ್ಕಿತು. ಬೂಸ್ಟು ಬಂದಿದೆ, ಒಂದು ಮೂಲೆ ಗೆದ್ದಲಿನ ಪಾಲಾಗಿದೆ. ಮುಂದಿನ ಅರ್ಧ ಪೂರ್ತಿ ಅಡಿಕೆ ಲೆಕ್ಕ: ಚಾಲಿ ಎಷ್ಟು, ಕೆಂಪಡಿಕೆ ಎಷ್ಟು, ಕೊನೆ ಕೊಯ್ದವರಿಗೆ ಕೊಟ್ಟಿದ್ದು ಎಷ್ಟು. ಪಟ್ಟಿಯನ್ನು ಹಿಂದಿನಿಂದ ತೆರೆದರೆ ಅಡಿಕೆಯ ಸುದ್ದಿಯೇ ಇಲ್ಲ. ಕೊನೆ ಪುಟದಲ್ಲಿ ಇರುವುದನ್ನು ಹಾಗೇ ಬರೆಯುತ್ತೇನೆ:

1577917500 — 7500
1577917800 — 5400
1577917828 — 4
ವಸುದ್ವ್ಯಷ್ಟಾದ್ರಿರೂಪಾಂಕಸಪ್ತಾದ್ರಿತಿಥಯೋ ಯುಗೇ
94602
ಶೇಷ 149604. ಶನಿವಾರ. ದಿನ ಯಾವುದು?

ಅಷ್ಟೇ. ಅಣ್ಣನ ಮಗ ಹತ್ತಂಕಿ ನೋಡಿದ ಕೂಡಲೇ ಫೋನ್ ನಂಬರ್ ಅಂದ. ಒಂದರಿಂದ ಶುರುವಾಗುವ ಮೊಬೈಲ್ ನಂಬರ್ ಎಲ್ಲಿದೆ ಅಂತ ಕೇಳಿದ್ದಕ್ಕೆ ಸುಮ್ಮನಾದ. ಅಜ್ಜ ಪಂಚಾಂಗ ನೋಡುತ್ತಿದ್ದರು ಅಂತ ಗೊತ್ತು, ಗಣಿತ ಮಾಡುತ್ತಿದ್ದರು ಅಂತ ಗೊತ್ತಿರಲಿಲ್ಲ. ಯಾರಿಗಾದರೂ ತಲೆಬುಡ ಗೊತ್ತಾದರೆ ಹೇಳಿ.

ಗೋಕರ್ಣದ ತಿಥಿ
ಭಾವ, ನಿಮ್ಮ ಅಜ್ಜ ಸಣ್ಣ ಕುಳ ಅಲ್ಲ. ಆ ಸಂಸ್ಕೃತದ ಸಾಲು ಸೂರ್ಯಸಿದ್ಧಾಂತ ಅನ್ನುವ ಹಳೆಯ ಖಗೋಳ ಗ್ರಂಥದ್ದು, ಅದು ಪೂರ್ತಿ ಒಂದು ಸಂಖ್ಯೆ. ವಸು ಅಂದರೆ 8, ದ್ವಿ 2, ಅಷ್ಟ 8, ಅದ್ರಿ ಅಂದರೆ ಪರ್ವತ 7, ರೂಪ 1, ಅಂಕ 9, ಸಪ್ತ 7, ಮತ್ತೆ ಅದ್ರಿ 7, ತಿಥಿ 15. ಅಂಕಿಗಳು ಎಡಕ್ಕೆ ನಡೆಯುತ್ತವೆ ಅನ್ನುವುದು ನಿಯಮ. ಬಿಡಿಸ್ಥಾನದಿಂದ ಇಡುತ್ತಾ ಹೋಗಿ: 1577917828. ನಿಮ್ಮ ಮೂರನೇ ಸಾಲು ಬಂತಲ್ಲ.

ಇದು ಒಂದು ಮಹಾಯುಗದಲ್ಲಿ ಎಷ್ಟು ದಿನ ಅನ್ನುವ ಲೆಕ್ಕ. ಮಹಾಯುಗ ಅಂದರೆ 43,20,000 ವರ್ಷ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ಒಂದು ಅಂತ ಎಣಿಸಿದರೆ ನೂರೈವತ್ತೇಳು ಕೋಟಿ ಎಪ್ಪತ್ತೊಂಬತ್ತು ಲಕ್ಷ ಹದಿನೇಳು ಸಾವಿರದ ಎಂಟುನೂರ ಇಪ್ಪತ್ತೆಂಟು ದಿನ. ಮೇಲಿನದು, 500ಕ್ಕೆ ಮುಗಿಯುವುದು, ಆರ್ಯಭಟನದು. ಪಕ್ಕದ 7500, 5400, 4 ಎಂತದು ಅಂತ ನನಗೂ ತಿಳಿಯಲಿಲ್ಲ. ದಕ್ಷಿಣೆ ಲೆಕ್ಕ ಅಂತೂ ಅಲ್ಲ!

ಕಾಳಿದಂಡೆ
ಕಾರವಾರದಿಂದ. ನಮಗೆ ಕಾಳಿ ಅಂದರೆ ನದಿ, ಕಲಿ ಅಂದರೆ ಶಾಲೆಯಲ್ಲಿ ಹೇಳುತ್ತಿದ್ದ ಮಾತು, ಹಾಗಾಗಿ ತಪ್ಪಿದರೆ ತಿದ್ದಿ.

ಒಂದು ಯುಗಕ್ಕೆ ಮೂರು ಬೇರೆ ಬೇರೆ ಲೆಕ್ಕ ಇದ್ದರೆ ಯಾವುದನ್ನು ನಂಬುವುದು? 157 ಕೋಟಿ ದಿನ ಯಾರು ಕೂತು ಎಣಿಸಿದರು?

ಕುಮಟೆ ಮಾಸ್ತರ
ಯಾರೂ ಎಣಿಸಲಿಲ್ಲ. ಎಣಿಸಿದ್ದು ಅಂತ ತಿಳಿದರೆ ಅಲ್ಲೇ ದಾರಿ ತಪ್ಪುತ್ತದೆ. ಇದು ಕಟ್ಟಿದ ಸಂಖ್ಯೆ.

ವರ್ಷಕ್ಕೆ 365 ದಿನ ಮತ್ತು ಒಂದು ಚೂರು. ಆ ಚೂರನ್ನು ದಶಮಾಂಶದಲ್ಲಿ ಬರೆಯುವ ಪದ್ಧತಿ ಆಗ ಇರಲಿಲ್ಲ. ಬದಲಿಗೆ ಅಷ್ಟು ವರ್ಷಕ್ಕೆ ಇಷ್ಟು ದಿನ ಅಂತ ಎರಡು ಪೂರ್ಣಾಂಕ ಕೊಡುತ್ತಿದ್ದರು. ವರ್ಷದ ಕಡೆ 4320000 ಮೊದಲೇ ಗಟ್ಟಿಯಾಗಿತ್ತು, ದಿನದ ಕಡೆ ಯಾವ ಸಂಖ್ಯೆ ಇಡಬೇಕು ಅನ್ನುವುದಷ್ಟೇ ಪ್ರಶ್ನೆ. ತಮಾಷೆ ಏನೆಂದರೆ ಆರ್ಯಭಟ ಈ 1577917500 ಅನ್ನು ನೇರವಾಗಿ ಕೊಡುವುದೂ ಇಲ್ಲ. ಒಂದು ಯುಗದಲ್ಲಿ ಭೂಮಿ 1582237500 ಸಲ ತಿರುಗುತ್ತದೆ ಅನ್ನುತ್ತಾನೆ. ಅದರಲ್ಲಿ ಸೂರ್ಯನ 4320000 ಸುತ್ತು ಕಳೆದರೆ ಉಳಿಯುವುದೇ ನಮ್ಮ ದಿನಗಳು. ಭೂಮಿಯ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡ್ ಬೀಳುತ್ತದೆ. ಇವತ್ತಿನ ಅಳತೆಯೂ ಅದೇ.

ಇನ್ನು ಅಜ್ಜನ 7500. ಅದು ಮ.ಸಾ.ಅ., ಮಹತ್ತಮ ಸಾಮಾನ್ಯ ಅಪವರ್ತನ ಮಾರಾಯ್ರೆ! ಏಳನೇ ಕ್ಲಾಸಿನಲ್ಲಿ ಕಲಿಸಿ ಕಲಿಸಿ ನನ್ನ ಗಂಟಲು ಹೋದದ್ದು ಇದಕ್ಕೇ. 1577917500 ಮತ್ತು 4320000, ಎರಡನ್ನೂ ಶೇಷ ಇಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ 7500. ಭಾಗಿಸಿ ನೋಡಿ:

4320000 ÷ 7500 = 576
1577917500 ÷ 7500 = 210389

ಅಂದರೆ 576 ವರ್ಷಕ್ಕೆ ಸರಿಯಾಗಿ 210389 ದಿನ, ಒಂದು ಘಳಿಗೆ ಹೆಚ್ಚಿಲ್ಲ, ಕಡಿಮೆ ಇಲ್ಲ. 157 ಕೋಟಿಯ ಆನೆ ಎರಡು ಲಕ್ಷದ ಕರು ಆಯಿತು. ಒಂದು ವರ್ಷಕ್ಕೆ 365 ದಿನ ಮತ್ತು 149/576. ಘಳಿಗೆಯಲ್ಲಿ ಹೇಳುವುದಾದರೆ (ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ) 365 ದಿನ, 15 ಘಳಿಗೆ, 31 ವಿಘಳಿಗೆ ಮತ್ತು ಕಾಲು.

ಅದೇ ಕೆಲಸ ಮೂರನೆಯದಕ್ಕೆ ಮಾಡಿ. 1577917828 ಮತ್ತು 4320000ರ ಮ.ಸಾ.ಅ. ಬರೀ 4. ಭಾಗಿಸಿದರೆ 1080000 ವರ್ಷಕ್ಕೆ 394479457 ದಿನ. ಅಲ್ಲಿಗೇ ನಿಂತಿತು, ಇನ್ನು ಸಣ್ಣದಾಗುವುದಿಲ್ಲ. ಈ ದಿನದ ಸಂಖ್ಯೆ ಬೆಸ. 7ಕ್ಕೆ ಮುಗಿಯುವುದರಿಂದ 5ಕ್ಕೆ ಹೋಗುವುದಿಲ್ಲ. ಅಂಕಿ ಕೂಡಿಸಿದರೆ 52, ಹಾಗಾಗಿ 3ಕ್ಕೂ ಹೋಗುವುದಿಲ್ಲ. 1080000ದಲ್ಲಿ 2, 3, 5 ಬಿಟ್ಟು ಬೇರೆ ಅವಿಭಾಜ್ಯ ಇಲ್ಲ. ಬಾಗಿಲು ಮುಚ್ಚಿತು.

ಕಾಳಿದಂಡೆ
ಸರಿ, ಒಪ್ಪಿದೆ. ಯಾವುದು ನಿಜ ಅಂತ ಇನ್ನೂ ಹೇಳಲಿಲ್ಲ.

ಕುಮಟೆ ಮಾಸ್ತರ
ನಕ್ಷತ್ರದಿಂದ ಅದೇ ನಕ್ಷತ್ರಕ್ಕೆ ಸೂರ್ಯ ಬರುವ ವರ್ಷ ಇವತ್ತಿನ ಅಳತೆಯಲ್ಲಿ 365.25636 ದಿನ. ಆರ್ಯಭಟನದು 365.25868. ವರ್ಷಕ್ಕೆ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಜಾಸ್ತಿ. ಸೂರ್ಯಸಿದ್ಧಾಂತದ್ದು ಅದಕ್ಕಿಂತ ಇನ್ನು ಏಳು ಸೆಕೆಂಡಿನಷ್ಟು ಹೆಚ್ಚು. ಎರಡರ ನಡುವಿನ ವ್ಯತ್ಯಾಸ 328 ದಿನ, ಅದೂ 43 ಲಕ್ಷ ವರ್ಷಕ್ಕೆ. ಒಂದು ವರ್ಷಕ್ಕೆ ಹಂಚಿದರೆ 6.56 ಸೆಕೆಂಡ್. ಬರಿಗಣ್ಣಲ್ಲಿ ಆಕಾಶ ನೋಡಿ 6 ಸೆಕೆಂಡಿನ ತಕರಾರು ತೀರ್ಮಾನ ಮಾಡಲಿಕ್ಕೆ ಆಗುತ್ತದಾ? ಆಗುವುದಿಲ್ಲ. ಅಂದ ಮೇಲೆ 500, 800, 828 ಎಂಬ ಬಾಲಗಳನ್ನು ಆಕಾಶ ಕೊಟ್ಟದ್ದಲ್ಲ, ಗಣಿತ ಕೊಟ್ಟದ್ದು. ನನಗೆ ಈ ಸಂಖ್ಯೆಯಲ್ಲಿ ರುಚಿ ಇರುವುದು ಅಲ್ಲಿಯೇ.

ಯಲ್ಲಾಪುರದವಳು
ಮಾಸ್ತರ್ರೇ, ನಾನು ನಿನ್ನೆ ರಾತ್ರಿ ಅಡಿಕೆ ಆರಿಸುತ್ತಾ ಕೂತವಳು ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು 1577917500 ಅನ್ನು ಒಡೆಯಲಿಕ್ಕೆ ನೋಡಿದೆ. ಸೊಸೈಟಿಯಲ್ಲಿ ಲೆಕ್ಕ ಬರೆಯುವವಳು ನಾನು, ಭಾಗಾಕಾರಕ್ಕೆ ಹೆದರುವುದಿಲ್ಲ.

7500 ಸುಲಭ: 2×2×3×5×5×5×5. ಉಳಿದದ್ದು 210389. ಅದಕ್ಕೆ 7 ಹಾಕಿದೆ, ಶೇಷ 4. 11, ಶೇಷ 3. 13, ಶೇಷ 10. 17ಕ್ಕೆ 14. 19ಕ್ಕೆ 2, ಇಲ್ಲಿ ಆಸೆ ಹುಟ್ಟಿತ್ತು. 23ಕ್ಕೆ 8. 29ಕ್ಕೂ 31ಕ್ಕೂ ಒಂದೇ ಶೇಷ, 23. ತಪ್ಪಾಯ್ತೇನೋ ಅಂತ ಎರಡು ಸಲ ಮಾಡಿದೆ, ಸರಿಯೇ. 37, 41, 43, 47, 53... 59ಕ್ಕೆ ಶೇಷ 54. ಅಷ್ಟರಲ್ಲಿ ಕರೆಂಟ್ ಹೋಯಿತು. ಇದು ಅವಿಭಾಜ್ಯವೇ ಇರಬೇಕು ಅಂತ ಬರೆದು ಮಲಗಿದೆ. ಸರಿಯಾ?

ಅಂಕೋಲೆಯವ
ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಿಟ್ಟದ್ದು 59ಕ್ಕೆ. ಅದರ ಮುಂದಿನ ಅವಿಭಾಜ್ಯ 61.

210389 = 61 × 3449

3449 ಅವಿಭಾಜ್ಯ, ಮತ್ತೆ ಒಡೆಯುವುದಿಲ್ಲ.

ಯಲ್ಲಾಪುರದವಳು
ಅಯ್ಯೋ ದೇವರೇ. ಒಂದೇ ಒಂದು ಭಾಗಾಕಾರ! ಕರೆಂಟಿನವರಿಗೆ ಏನು ಹೇಳುವುದು ಈಗ.

ಅಂಕೋಲೆಯವ
ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಊರು ಅಂಕೋಲೆ. 1577917500 ನೋಡಿದ ಕೂಡಲೇ ನನಗೆ ಯುಗ ನೆನಪಾಗಲಿಲ್ಲ, ಕಂಪ್ಯೂಟರಿನ ಗಡಿಯಾರ ನೆನಪಾಯ್ತು. 1970ರ ಜನವರಿ 1ರಿಂದ ಸೆಕೆಂಡ್ ಎಣಿಸುವ ಗಡಿಯಾರ ಅದು. ಅದರ ಪ್ರಕಾರ ಈ ಸಂಖ್ಯೆ ನಮ್ಮ ಸಮಯದಲ್ಲಿ 2020ರ ಜನವರಿ 2, ಬೆಳಗಿನ ಜಾವ 3 ಗಂಟೆ 55 ನಿಮಿಷ. ಸೂರ್ಯಸಿದ್ಧಾಂತದ್ದು 328 ಸೆಕೆಂಡ್ ಬಿಟ್ಟು, 4 ಗಂಟೆ ದಾಟಿ 28 ಸೆಕೆಂಡಿಗೆ. ಇದಕ್ಕೆ ಅರ್ಥ ಇಲ್ಲ, ಮೋಜಿಗೆ ಹೇಳಿದೆ.

ಗೋಕರ್ಣದ ತಿಥಿ
ಅರ್ಥ ಇಲ್ಲ ಅಂತೀರಿ, ಬ್ರಾಹ್ಮೀ ಮುಹೂರ್ತಕ್ಕೆ ತಂದು ನಿಲ್ಲಿಸಿದಿರಿ!

ಮಾಸ್ತರ್ರ ಮಾತಿಗೆ ನನ್ನದೊಂದು ಆಕ್ಷೇಪ. ಮ.ಸಾ.ಅ. ದೊಡ್ಡದಿದ್ದರೆ ಒಳ್ಳೆಯ ಸಂಖ್ಯೆ, ಸಣ್ಣದಿದ್ದರೆ ಕಳಪೆ ಅನ್ನುವ ಹಾಗೆ ಕೇಳಿಸಿತು. ಸೂರ್ಯಸಿದ್ಧಾಂತವನ್ನು ತಲೆಮಾರುಗಳಿಂದ ಪಂಚಾಂಗಕ್ಕೆ ಬಳಸಿದ್ದಾರೆ. ಅವರಿಗೆ ಮ.ಸಾ.ಅ. ಗೊತ್ತಿರಲಿಲ್ಲವೇ?

ಕುಮಟೆ ಮಾಸ್ತರ
ಕಳಪೆ ಅನ್ನಲಿಲ್ಲ ತಿಥಿಯವರೇ. ಸ್ವಭಾವ ಬೇರೆ ಅಂದೆ. ನೀವೇ ಒಂದು ಪರೀಕ್ಷೆ ಮಾಡಿ ನೋಡಿ. ಸೂರ್ಯಸಿದ್ಧಾಂತದಲ್ಲಿ ಯುಗಗಳು 4, 3, 2, 1ರ ಪ್ರಮಾಣದಲ್ಲಿವೆ. ಕಲಿಯುಗ ಮಹಾಯುಗದ ಹತ್ತರಲ್ಲಿ ಒಂದು, 4,32,000 ವರ್ಷ. ಹಾಗಾದರೆ ಕಲಿಯುಗಕ್ಕೆ ಎಷ್ಟು ದಿನ? 1577917828 ಅನ್ನು ಹತ್ತರಿಂದ ಭಾಗಿಸಿ: 157791782 ಮತ್ತು ಹತ್ತರಲ್ಲಿ ಎಂಟು. ಕಲಿಯುಗ ಮುಗಿಯುವ ಹೊತ್ತಿಗೆ ದಿನ ಪೂರ್ತಿ ಮುಗಿದಿರುವುದಿಲ್ಲ! ನಾಲ್ಕರಿಂದ ಭಾಗಿಸಿದರೆ ಮಾತ್ರ ಸರಿಯಾಗಿ ಹೋಗುತ್ತದೆ.

ಈಗ ಆರ್ಯಭಟನನ್ನು ನೋಡಿ. ಅವನು 4, 3, 2, 1 ಒಪ್ಪಲಿಲ್ಲ. ಮಹಾಯುಗವನ್ನು 10,80,000 ವರ್ಷದ ನಾಲ್ಕು ಸಮಪಾಲು ಮಾಡಿದ. ಅವನ ಗ್ರಹಗಳ ಸುತ್ತುಗಳೆಲ್ಲ ನಾಲ್ಕಕ್ಕೆ ಭಾಗ ಹೋಗುತ್ತವೆ: ಶನಿ 146564, ಗುರು 364224, ಕುಜ 2296824, ಚಂದ್ರ 57753336. ಪ್ರತಿ ಕಾಲಿನ ಆರಂಭದಲ್ಲಿ ಎಲ್ಲ ಗ್ರಹ ಒಂದೇ ಕಡೆ ಬಂದು ನಿಲ್ಲಲಿ ಅಂತ ಆ ಏರ್ಪಾಡು. ಚಂದ್ರನ ಉಚ್ಚ, ಅಂದರೆ ಅವನು ಭೂಮಿಯಿಂದ ಅತಿ ದೂರ ಇರುವ ಬಿಂದು, ಅದರ ಸುತ್ತು 488219, ರಾಹುವಿನದು 232226. ಇವೆರಡು ಮಾತ್ರ ನಾಲ್ಕಕ್ಕೆ ಹೋಗುವುದಿಲ್ಲ, ಹಾಗಾಗಿ ಕೊನೆಯ ಪಾಲಾದ ಕಲಿಯ ಆರಂಭದಲ್ಲಿ ಉಚ್ಚ 90 ಡಿಗ್ರಿಯಲ್ಲಿ, ರಾಹು 180ರಲ್ಲಿ. ಒಂದು ಸಂಖ್ಯೆ ನಾಲ್ಕಕ್ಕೆ ಹೋಗುತ್ತದೋ ಇಲ್ಲವೋ ಎಂಬುದರ ಮೇಲೆ ಆಕಾಶದ ಚಿತ್ರ ನಿಂತಿದೆ.

ನಾಲ್ಕು ಸಮಪಾಲು ಮಾಡಿದವನ ದಿನಗಳು ನಾಲ್ಕಕ್ಕೂ ಹೋಗುತ್ತವೆ, ಹತ್ತಕ್ಕೂ ಹೋಗುತ್ತವೆ. ಹತ್ತನೇ ಒಂದು ಪಾಲು ಬೇಕಾದವರ ದಿನಗಳು ನಾಲ್ಕಕ್ಕೆ ಮಾತ್ರ ಹೋಗುತ್ತವೆ. ನಂಟಸ್ತಿಕೆ ಅದಲುಬದಲಾದ ಹಾಗಿದೆ.

ಗೋಕರ್ಣದ ತಿಥಿ
ಇದು ನಾನು ಗಮನಿಸಿರಲಿಲ್ಲ. ಕೂತು ಹತ್ತರಿಂದ ಭಾಗಿಸಿದೆ, ಹೌದು. ಮುಂದುವರಿಸಿ.

ಬೆಟ್ಟದಮನೆ
ನಡುವಿನದು, 1577917800? ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಕುಮಟೆ ಮಾಸ್ತರ
ಅದನ್ನೇ ಉಳಿಸಿಕೊಂಡಿದ್ದೆ. ಹೋಳಿಗೆಯ ಹೂರಣ ಇದು.

ಆರ್ಯಭಟನಿಗೆ ಎರಡು ಪದ್ಧತಿ ಇತ್ತು. ಒಂದರಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಇನ್ನೊಂದರಲ್ಲಿ ಅರ್ಧರಾತ್ರಿಗೆ. ಮೊದಲನೆಯದರ ಸಂಖ್ಯೆ 1577917500, ಎರಡನೆಯದರದು 1577917800. ಬ್ರಹ್ಮಗುಪ್ತ 665ರಲ್ಲಿ ಬರೆದ ಖಂಡಖಾದ್ಯಕದಲ್ಲಿ ಇದೇ ಎರಡನೆಯದು ಬರುತ್ತದೆ, 800 ವರ್ಷಕ್ಕೆ 292207 ದಿನ ಅಂತ. 292207ನ್ನು 5400ರಿಂದ ಗುಣಿಸಿ ನೋಡಿ. ಅಜ್ಜನ 5400!

ಈ 300 ದಿನ ಎಲ್ಲಿಂದ ಬಂತು? ಆರ್ಯಭಟ ತಾನೇ ಹೇಳಿಕೊಂಡಿದ್ದಾನೆ: ಕಲಿಯುಗದ 60 ಗುಣ 60 ವರ್ಷ, ಅಂದರೆ 3600 ವರ್ಷ ಕಳೆದಾಗ ತನಗೆ 23 ಅಂತ. ಅದು ಕ್ರಿ.ಶ. 499. ಆ 3600 ವರ್ಷಕ್ಕೆ ದಿನ ಎಷ್ಟು ಅಂತ ಹಾಕಿ. 3600 ÷ 576 = 6.25. ಆರೂಕಾಲು ಸಲ 210389 ಅಂದರೆ 1314931 ದಿನ ಮತ್ತು ಕಾಲು. ಸೂರ್ಯೋದಯದಿಂದ ಕಾಲು ದಿನ ಅಂದರೆ ಮಟಮಟ ಮಧ್ಯಾಹ್ನ. 499ರ ಮಾರ್ಚ್ 21, ಭಾನುವಾರ.

ಈಗ ಅರ್ಧರಾತ್ರಿಯ ಪದ್ಧತಿ. ಅಲ್ಲಿ ಎಣಿಕೆ ಆರು ಗಂಟೆ ಮೊದಲೇ ಶುರು. ಅದೇ ಮಧ್ಯಾಹ್ನಕ್ಕೆ ಬಂದು ಸೇರಬೇಕಾದರೆ 3600 ವರ್ಷದಲ್ಲಿ ಕಾಲು ದಿನ ಹೆಚ್ಚು ಬೇಕು. 3600 ವರ್ಷ ಮಹಾಯುಗದ 1200ನೇ ಒಂದು ಪಾಲು. ಕಾಲು ಗುಣ 1200?

ಯಲ್ಲಾಪುರದವಳು
300!! ಮೈ ಜುಂ ಅಂತು ಮಾಸ್ತರ್ರೇ.

ಕುಮಟೆ ಮಾಸ್ತರ
ಅದೇ. ಎರಡು ಎಣಿಕೆ ಎರಡು ಬೇರೆ ಹೊತ್ತಿಗೆ ಹೊರಟು 3600 ವರ್ಷ ನಡೆದು ಒಂದೇ ಮಧ್ಯಾಹ್ನಕ್ಕೆ ಕೈ ಕುಲುಕಲಿ ಅಂತ 300 ಸೇರಿಸಿದ್ದು. ಈ ಸಂಖ್ಯೆ ಕಟ್ಟಿದ್ದು ಅಂತ ನಾನು ಮೊದಲು ಹೇಳಿದ್ದು ಇದಕ್ಕೆ. ಆಮೇಲೆ ಸೂರ್ಯಸಿದ್ಧಾಂತದಲ್ಲಿ ಆ 800ರ ಮೇಲೆ ಮತ್ತೆ 28 ಬಂದು ಕೂತಿದೆ. ಆ 28 ಬಂದದ್ದೇ 5400 ಹೋಗಿ 4 ಆಯಿತು. 43 ಲಕ್ಷ ವರ್ಷಕ್ಕೆ 28 ದಿನ, ವರ್ಷಕ್ಕೆ ಅರ್ಧ ಸೆಕೆಂಡಿನ ಮೇಲೊಂದು ಚಿಟಿಕೆ. ಆಕಾಶಕ್ಕೆ ಗೊತ್ತೇ ಆಗುವುದಿಲ್ಲ, ಅಪವರ್ತನಕ್ಕೆ ಮಾತ್ರ ಹೆಣ ಬಿದ್ದ ಹಾಗೆ.

ಕಾಳಿದಂಡೆ
ಇದಕ್ಕೆ ನನ್ನ ಕಡೆಯಿಂದ ಒಂದು ಚಪ್ಪಾಳೆ. ಅಂದ ಹಾಗೆ ಸಂಕ್ರಾಂತಿ ಜನವರಿ 14 ಬಿಟ್ಟು 15ಕ್ಕೆ ಯಾಕೆ ಜಾರುತ್ತಿದೆ ಅನ್ನುವುದೂ ಇದರಲ್ಲೇ ಇದೆ ಅಲ್ಲವಾ? ಗೋಡೆ ಕ್ಯಾಲೆಂಡರಿನ ವರ್ಷ ಸರಾಸರಿ 365.2425, ಪಂಚಾಂಗದ್ದು 365.2587. ಸುಮಾರು 62 ವರ್ಷಕ್ಕೆ ಒಂದು ದಿನ ಮುಂದೆ.

ಬೆಟ್ಟದಮನೆ
ಹೌದು, ಹೌದು. ಅಜ್ಜ ಹೇಳುತ್ತಿದ್ದರು, ತಮ್ಮ ಅಜ್ಜನ ಕಾಲಕ್ಕೆ ಸಂಕ್ರಾಂತಿ ಇನ್ನೂ ಮೊದಲೇ ಬರುತ್ತಿತ್ತು ಅಂತ.

94602 ಮತ್ತು ಶನಿವಾರ ಉಳಿಯಿತು.

ಕುಮಟೆ ಮಾಸ್ತರ
94602 ಬಂದದ್ದು ಕುಟ್ಟಕದಿಂದ, ಅಂದರೆ ಭಾಗಿಸಿದಾಗ ಬೇಕಾದ ಶೇಷ ಉಳಿಸುವ ಸಂಖ್ಯೆ ಹುಡುಕುವ ಹಳೆಯ ವಿಧಾನದಿಂದ. ಕುಟ್ಟುವುದು ಅಂದರೆ ನಮ್ಮ ಕುಟ್ಟುವುದೇ, ಒರಳಿಗೆ ಹಾಕಿ ಪುಡಿ ಮಾಡುವುದು. ದೊಡ್ಡ ಸಂಖ್ಯೆಯನ್ನು ಸಣ್ಣದರಿಂದ ಭಾಗಿಸಿ, ಸಣ್ಣದನ್ನು ಶೇಷದಿಂದ ಭಾಗಿಸಿ, ಆ ಶೇಷವನ್ನು ಮುಂದಿನ ಶೇಷದಿಂದ ಭಾಗಿಸಿ, 1 ಉಳಿಯುವ ತನಕ ಕುಟ್ಟುತ್ತಾ ಹೋಗುವುದು.

210389ನ್ನು 576ರಿಂದ ಭಾಗಿಸಿದರೆ 365 ಸಲ, ಶೇಷ 149.
576ನ್ನು 149ರಿಂದ: 3 ಸಲ, ಶೇಷ 129.
149ನ್ನು 129ರಿಂದ: 1 ಸಲ, ಶೇಷ 20.
129ನ್ನು 20ರಿಂದ: 6 ಸಲ, ಶೇಷ 9.
20ನ್ನು 9ರಿಂದ: 2 ಸಲ, ಶೇಷ 2.
9ನ್ನು 2ರಿಂದ: 4 ಸಲ, ಶೇಷ 1. ಪುಡಿ ಆಯಿತು.

ಈಗ 365, 3, 1, 6, 2, 4 ಇವನ್ನು ಒಂದರ ಕೆಳಗೊಂದು ಬರೆಯಿರಿ. ಇದಕ್ಕೆ ವಲ್ಲಿ ಅನ್ನುತ್ತಾರೆ, ಅಂದರೆ ಬಳ್ಳಿ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಬುಡದಿಂದ ಹತ್ತುವ ಹಾಗೆ ನಾವೂ ಬುಡದಿಂದ ಹತ್ತಬೇಕು. ಬುಡದಲ್ಲಿ 1, ಅದರ ಮೇಲೆ 4. ಎರಡು ನಾಲ್ಕಲಿ ಎಂಟು, ಒಂದು ಕೂಡಿಸಿ 9. ಆರೊಂಬತ್ತಲಿ 54, ಕೆಳಗಿನ 4 ಕೂಡಿಸಿ 58. ಒಂದು ಸಲ 58, ಕೂಡಿಸು 9, 67. ಮೂರು ಸಲ 67, ಕೂಡಿಸು 58, 259. ಕೊನೆಗೆ 365 ಸಲ 259, ಕೂಡಿಸು 67. ಎಷ್ಟು ಬಂತು? 94602.

ತಾಳೆ ನೋಡಿ: 576 × 94602 = 54490752. 210389 × 259 = 54490751. ಒಂದೇ ಒಂದು ವ್ಯತ್ಯಾಸ. 576ನ್ನು ಎಷ್ಟರಿಂದ ಗುಣಿಸಿ 210389ರಿಂದ ಭಾಗಿಸಿದರೆ 1 ಉಳಿಯುತ್ತದೆ ಅನ್ನುವುದಕ್ಕೆ ಉತ್ತರ 94602. ಎರಡಕ್ಕೂ ಸಾಮಾನ್ಯ ಅಪವರ್ತನ ಉಳಿದಿಲ್ಲದಿದ್ದರೆ ಮಾತ್ರ ಇಂಥದ್ದು ಸಿಗುತ್ತದೆ. 7500ರಿಂದ ಮೊದಲೇ ಭಾಗಿಸಿಕೊಂಡದ್ದು ಅದಕ್ಕೇ. ಇದೇ ಮಾತನ್ನು ಮೊದಲನೇ ಭಾಸ್ಕರ ಬಿಡಿಸಿ ಬಿಡಿಸಿ ಹೇಳಿದ್ದಾನೆ. ನಮ್ಮ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ ಒಂಬತ್ತನೇ ಶತಮಾನದಲ್ಲಿ ಇದನ್ನು ಬಾಳೆಹಣ್ಣಿಗೆ ತಂದ: 63 ಸಮ ರಾಶಿ, ಮೇಲೆ 7 ಬಿಡಿ ಹಣ್ಣು, 23 ದಾರಿಹೋಕರಿಗೆ ಸಮನಾಗಿ ಹಂಚಿದರೆ ಒಂದು ರಾಶಿಯಲ್ಲಿ ಎಷ್ಟು? ಮಕ್ಕಳಿಗೆ ಕೇಳಿ. ಉತ್ತರ 5, ತಲೆಗೆ 14 ಹಣ್ಣು.

ಅಂಕೋಲೆಯವ
ಹಾಗಾದರೆ ಶನಿವಾರದ ಲೆಕ್ಕ ಬಿಡಿಸಬಹುದು. ಕಲಿ ಆರಂಭದಿಂದ ಕಳೆದ ದಿನಗಳನ್ನು 576ರಿಂದ ಗುಣಿಸಿ 210389ರಿಂದ ಭಾಗಿಸಿದರೆ ಭಾಗಲಬ್ಧ ಕಳೆದ ವರ್ಷ, ಶೇಷ ಸೂರ್ಯ ಈ ಸುತ್ತಿನಲ್ಲಿ ಎಷ್ಟು ದೂರ ಬಂದಿದ್ದಾನೆ ಅನ್ನುವುದು. ಅಜ್ಜ ಶೇಷ ಕೊಟ್ಟು ದಿನ ಕೇಳಿದ್ದಾರೆ. ಹಿಂದಕ್ಕೆ ಹೋಗಬೇಕು: 149604ನ್ನು 94602ರಿಂದ ಗುಣಿಸಿ 210389ರಿಂದ ಭಾಗಿಸಿದರೆ ಉಳಿಯುವುದೇ ದಿನ. ಎರಡು ಸಾಲಿನ ಪ್ರೋಗ್ರಾಂ ಬರೆದೆ. ಉತ್ತರ 131606.

ಯಲ್ಲಾಪುರದವಳು
ತಮ್ಮಾ, ತಾಳೆ ನೋಡಿದೆಯಾ? 131606ನ್ನು 576ರಿಂದ ಗುಣಿಸಿದರೆ 75805056. 210389ರಿಂದ ಭಾಗಿಸಿದರೆ ಶೇಷ 65016. ಅಜ್ಜನ ಶೇಷ 149604. ಎಲ್ಲಿಗೆಲ್ಲಿ?

ಅಂಕೋಲೆಯವ
ಇರಿ ನೋಡ್ತೆ.

ಅಂಕೋಲೆಯವ
ಸಿಕ್ಕಿತು, ನಾಚಿಕೆ ಆಯ್ತು. ಗುಣಲಬ್ಧ 14152837608. ನಾನು ಇಟ್ಟ ಡಬ್ಬಿ 32 ಬಿಟ್‌ನದ್ದು, ಅದರಲ್ಲಿ ಇಷ್ಟು ದೊಡ್ಡದು ಹಿಡಿಯುವುದಿಲ್ಲ. ತುಂಬಿ ಚೆಲ್ಲಿ 1267935720 ಮಾತ್ರ ಉಳಿದಿದೆ, ಒಂದು ಮಾತೂ ಹೇಳದೆ. ದೊಡ್ಡ ಡಬ್ಬಿ ಇಟ್ಟೆ. ಈಗ 179967.

ಯಲ್ಲಾಪುರದವಳು
ಇದು ಸರಿ. ಕೈಯಲ್ಲೂ ಅಷ್ಟೇ ಬಂತು. ನನ್ನ ಹಾಳೆ ಚೆಲ್ಲುವುದಿಲ್ಲ.

ಗೋಕರ್ಣದ ತಿಥಿ
ಶನಿವಾರ ನನಗೆ ಬಿಡಿ. 210389 ದಿನಕ್ಕೊಮ್ಮೆ ಸೂರ್ಯನ ಶೇಷ ಮತ್ತೆ ಅದೇ ಬರುತ್ತದೆ, ಹಾಗಾಗಿ ಉತ್ತರ 179967 ಇರಬಹುದು, ಅದಕ್ಕೆ 210389 ಕೂಡಿಸಿದ್ದು ಇರಬಹುದು, ಎರಡು ಸಲ, ಮೂರು ಸಲ ಕೂಡಿಸಿದ್ದೂ ಇರಬಹುದು. ವಾರವೇ ತೀರ್ಮಾನ ಮಾಡಬೇಕು. ಕಲಿ ಶುರುವಾದದ್ದು ಶುಕ್ರವಾರ, ಅದು ಸೊನ್ನೆ. ಶನಿವಾರ 1. 179967ನ್ನು 7ರಿಂದ ಭಾಗಿಸಿದರೆ ಶೇಷ 4, ಅಂದರೆ ಮಂಗಳವಾರ. 210389ಕ್ಕೂ ಶೇಷ 4. ಒಂದು ಸಲ ಕೂಡಿಸಿದರೆ 8, ಏಳು ಕಳೆದರೆ 1. ಶನಿವಾರ ಬಂತು! ಆದರೆ ಅದು ಕಲಿ 1069ನೇ ವರ್ಷ, ಕ್ರಿಸ್ತನಿಗೂ ಎರಡು ಸಾವಿರ ವರ್ಷ ಹಿಂದೆ. ಅಜ್ಜ ಆಗ ಇರಲಿಲ್ಲ. ಮುಂದಿನ ಶನಿವಾರ ಮತ್ತೆ ಏಳು ಸಲ ಕೂಡಿಸಿದ ಮೇಲೆ, ಅಂದರೆ ಒಟ್ಟು ಎಂಟು ಸಲ. 576 ಏಳಲಿ 4032 ವರ್ಷಕ್ಕೊಮ್ಮೆ ಮಾತ್ರ ಈ ಶೇಷವೂ ಈ ವಾರವೂ ಜತೆ ಬರುತ್ತವೆ.

179967 + 8 × 210389 = 1863079.

ಕುಮಟೆ ಮಾಸ್ತರ
ಖಗೋಳದವರು ದಿನಗಳನ್ನು ಒಂದೇ ಸಾಲಾಗಿ ಎಣಿಸುವ ಜೂಲಿಯನ್ ದಿನಸಂಖ್ಯೆ ಕಲಿ ಆರಂಭದ ದಿನಕ್ಕೆ 588466. ಅದಕ್ಕೆ 1863079 ಕೂಡಿಸಿ: 2451545. ಈ ಸಂಖ್ಯೆಯನ್ನು ಅವರು ನಿದ್ದೆಯಲ್ಲೂ ಹೇಳುತ್ತಾರೆ. 2000ದ ಜನವರಿ 1. ಶನಿವಾರ. ಕಲಿಯ 5100 ವರ್ಷ ಪೂರ್ತಿ ಕಳೆದಿದೆ, ಮಧ್ಯಮ ಸೂರ್ಯ (ಸರಾಸರಿ ವೇಗದಲ್ಲಿ ನಡೆಯುತ್ತಾನೆ ಅಂತ ಇಟ್ಟುಕೊಂಡ ಸೂರ್ಯ) ಧನು ರಾಶಿಯಲ್ಲಿ 16 ಡಿಗ್ರಿಯ ಹತ್ತಿರ. ಇನ್ನು ಹದಿನಾಲ್ಕು ದಿನಕ್ಕೆ ಸಂಕ್ರಾಂತಿ. ಎಲ್ಲ ತಾಳೆ ಆಗುತ್ತದೆ.

ಬೆಟ್ಟದಮನೆಯವರೇ, ಆ ದಿನ ನಿಮ್ಮ ಮನೆಯಲ್ಲಿ ಏನಾದರೂ ವಿಶೇಷ ಇತ್ತಾ?

ಬೆಟ್ಟದಮನೆ
ಅಮ್ಮನ ಹತ್ತಿರ ಕೇಳಿ ಬಂದೆ. ಮದುವೆ ಇಲ್ಲ, ಮುಂಜಿ ಇಲ್ಲ, ಯಾರೂ ಹುಟ್ಟಲಿಲ್ಲ. ಅಮ್ಮನಿಗೆ ನೆನಪಿರುವುದು ಇಷ್ಟು: ಹಿಂದಿನ ರಾತ್ರಿ ಟಿವಿಯಲ್ಲಿ ಹೊಸ ಸಹಸ್ರಮಾನ, ಹೊಸ ಸಹಸ್ರಮಾನ ಅಂತ ಕೂಗಿದ್ದೇ ಕೂಗಿದ್ದು. ಬೆಳಗ್ಗೆ ಪೇಪರಿನಲ್ಲೂ ಅದೇ. ಅಜ್ಜ ಪೇಪರ್ ಮಡಚಿಟ್ಟು, "ಎರಡು ಸಾವಿರ ಅಂತೆ, ದೊಡ್ಡ ಸಂಖ್ಯೆ ನೋಡಿಲ್ಲ ಇವರು" ಅಂದು, ಜಗಲಿಯಲ್ಲಿ ಕೂತು ಮಧ್ಯಾಹ್ನದ ತನಕ ಏನೋ ಭಾಗಾಕಾರ ಮಾಡುತ್ತಿದ್ದರಂತೆ. ಊಟಕ್ಕೆ ಎರಡು ಸಲ ಕರೆದರೂ ಏಳಲಿಲ್ಲ, ಸಾರು ಆರಿತು ಅಂತ ಅಮ್ಮನಿಗೆ ಇವತ್ತಿಗೂ ಸಿಟ್ಟು.

ಕಾಳಿದಂಡೆ
ಅಜ್ಜನಿಗೆ ಕಾರವಾರದ ಕಡೆಯಿಂದ ಒಂದು ಉದ್ದಂಡ ನಮಸ್ಕಾರ. ಆ ಪಟ್ಟಿಯನ್ನು ಬಿಸಿಲಿಗೆ ಇಡಿ ಮಾರಾಯ್ರೆ, ಬೂಸ್ಟು ಒರೆಸಿ ಫೋಟೋ ತೆಗೆದಿಡಿ. ಮಳೆ ಇನ್ನೇನು ಬಂತು.

ಅಂಕೋಲೆಯವ
ಯಲ್ಲಾಪುರದ ಅಕ್ಕ, ಒಂದು ಉಳಿದಿದೆ. ಸೂರ್ಯಸಿದ್ಧಾಂತದ 394479457. ಅದರ ಅಪವರ್ತನ ಹೇಳಲಾ? ಒಂದು ಗುಂಡಿ ಒತ್ತಿದರೆ ಆಯ್ತು.

ಯಲ್ಲಾಪುರದವಳು
ಒತ್ತಿದರೆ ನೋಡು! ಯಾರೂ ಹೇಳಬೇಡಿ. 61ರ ತನಕ ಮುಗಿಸಿದ್ದೇನೆ, ಯಾವುದಕ್ಕೂ ಹೋಗಲಿಲ್ಲ; 61ಕ್ಕೆ ಶೇಷ 21. ಈ ಸಲ ಚಾರ್ಜರ್ ಲೈಟ್ ಪಕ್ಕಕ್ಕೇ ಇಟ್ಟುಕೊಂಡಿದ್ದೇನೆ. 67ಕ್ಕೆ ಶೇಷ 6. 71ಕ್ಕೆ 49. 73ಕ್ಕೆ 13. ಹಾಳೆ ತಿರುಗಿಸಿದೆ.